108 ಪೀಸಿನ ಟೂಲ್ ಸೆಟ್ ಕೊಳ್ಳಲೇ ಸಾರ್?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ. ಮನೆಯಲ್ಲಿ ಒಂದು ಸ್ಪ್ಲೆಂಡರ್ ಬೈಕು, ಒಂದು ಹಳೇ ಓಮ್ನಿ, ಒಂದು ಕಳೆ ಕೊಚ್ಚುವ ಮಷಿನ್ ಇವೆ. ಹತ್ತಿರದ ಗ್ಯಾರೇಜಿಗೆ 20 ಕಿ.ಮೀ. ಹೋಗಬೇಕು. ಮಳೆಗಾಲದಲ್ಲಿ ಮೆಕ್ಯಾನಿಕ್ ಕರೆದರೂ ಬರುವುದಿಲ್ಲ. ಸಣ್ಣಪುಟ್ಟ ರಿಪೇರಿ ನಾನೇ ಕಲಿಯೋಣ ಅಂದುಕೊಂಡಿದ್ದೇನೆ. ಮೊಬೈಲಿನಲ್ಲಿ 108 ಪೀಸಿನ ಟೂಲ್ ಸೆಟ್ ಮೂರು ಸಾವಿರಕ್ಕೆ ತೋರಿಸುತ್ತಿದೆ. ಒಟ್ಟು ಹತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಕಳೆದ ತಿಂಗಳು ಓಮ್ನಿಗೆ ಜ್ಯಾಕ್ ಕೊಟ್ಟು, ಕೆಳಗೆ ಎರಡು ಜಂಬಿಟ್ಟಿಗೆ ಇಟ್ಟು, ಒಳಗೆ ನುಗ್ಗಿ ಸೈಲೆನ್ಸರ್ ಕ್ಲಾಂಪ್ ಬಿಚ್ಚಲು ನೋಡಿದೆ. ಬೋಲ್ಟಿನ ತಲೆ ರೌಂಡ್ ಆಯಿತೇ ಹೊರತು ಬಿಚ್ಚಲಿಲ್ಲ. ಅಪ್ಪಯ್ಯ, 'ಈ ಊರಲ್ಲಿ ಯಾವ ಸಾಮಾನು ತಂದರೂ ಎರಡು ಮಳೆಗಾಲಕ್ಕೆ ತುಕ್ಕು, ಸುಮ್ನೆ ದುಡ್ಡು ದಂಡ' ಅನ್ನುತ್ತಾರೆ. ನಿಜವಾಗಿ ಏನೇನು ಬೇಕು? ಯಾವ ಕೆಲಸ ಮನೆಯಲ್ಲಿ ಮಾಡಬಹುದು, ಯಾವುದು ಬೇಡ?

ಉತ್ತರ: ನಿಮ್ಮ ಪತ್ರದಲ್ಲಿ ಬೋಲ್ಟ್ ರೌಂಡ್ ಆದದ್ದಕ್ಕಿಂತ ನನಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು ಜಂಬಿಟ್ಟಿಗೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಸೆಟ್ಟಿನ ವಿಷಯಕ್ಕೆ ಆಮೇಲೆ ಬರೋಣ.

ನಮ್ಮ ಕಡೆ ಗೋಡೆ ಕಟ್ಟುವುದೇ ಜಂಬಿಟ್ಟಿಗೆಯಲ್ಲಿ. ಹಾಗಾಗಿ ಅದು ಗಟ್ಟಿ ಅನ್ನುವ ನಂಬಿಕೆ ನಮಗೆಲ್ಲ ಇದೆ. ಗೋಡೆಯಲ್ಲಿ ಅದು ಗಟ್ಟಿಯೇ. ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡಿರುತ್ತದೆ. ಗಾಡಿಯ ಕೆಳಗೆ ಹಾಗಲ್ಲ. ಚಾಸಿಯ ಒಂದು ಅಂಚು ಕಲ್ಲಿನ ಒಂದೇ ಜಾಗದ ಮೇಲೆ ಕೂರುತ್ತದೆ. ಜಂಬಿಟ್ಟಿಗೆಯ ತುಂಬ ತೂತುಗಳು. ನೀರು ಕುಡಿದಾಗ ಅದರ ಬಲ ಇನ್ನೂ ಇಳಿಯುತ್ತದೆ. ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ, ಒಂದೇ ಸಲ ಸೀಳಿಬಿಡುತ್ತದೆ. ಸುಟ್ಟ ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಹೀಗೆಯೇ. ಖಾಲಿ ಓಮ್ನಿ ಸುಮಾರು 800 ಕೆ.ಜಿ. ತೂಗುತ್ತದೆ. ಅದರ ಒಂದು ಮೂಲೆ ಎದೆಯ ಮೇಲೆ ಕೂತರೂ ಸಾಕು.

ಗಾಡಿಯ ಜೊತೆ ಬಂದ ಜ್ಯಾಕನ್ನು ನಂಬಿಯೂ ಒಳಗೆ ಹೋಗಬಾರದು. ಅದು ಇರುವುದು ಚಕ್ರ ಬದಲಿಸುವುದಕ್ಕೆ ಮಾತ್ರ. ಹೈಡ್ರಾಲಿಕ್ ಜ್ಯಾಕಿನಲ್ಲಿ ಭಾರ ಹೊರುವುದು ಎಣ್ಣೆ. ಒಳಗಿನ ಸೀಲ್ ಸೋತರೆ ಮೆಲ್ಲಗೆ ಇಳಿಯಬಹುದು, ದಬಕ್ಕನೆಯೂ ಇಳಿಯಬಹುದು. ಆದ್ದರಿಂದ ನಿಮ್ಮ ಹತ್ತು ಸಾವಿರದಲ್ಲಿ ಮೊದಲ ಖರ್ಚು ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್. ಎತ್ತರ ಹೊಂದಿಸಿಕೊಂಡು ಲಾಕ್ ಮಾಡುವ ಕಬ್ಬಿಣದ ಸ್ಟ್ಯಾಂಡುಗಳು ಇವು. 2 ಅಥವಾ 3 ಟನ್ನಿನವು ನಿಮ್ಮ ಗಾಡಿಗೆ ಧಾರಾಳ. ದುಡ್ಡು ಉಳಿದರೆ 2 ಟನ್ನಿನ ಟ್ರಾಲಿ ಜ್ಯಾಕ್. ಉಳಿಯದಿದ್ದರೆ ಗಾಡಿಯ ಜ್ಯಾಕಿನಲ್ಲೇ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಾಡಿಯ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿ.

ಇನ್ನೊಂದು ವಿಷಯ, ಮನೆಯ ಅಂಗಳ. ಕೆಂಪು ಮಣ್ಣಿನ ಅಂಗಳ ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಇದ್ದರೂ ಮಳೆ ಬಿದ್ದ ಮೇಲೆ ಸ್ಟ್ಯಾಂಡಿನ ಕಾಲು ಹೂತು ಹೋಗುತ್ತದೆ. ಎರಡು ಇಂಚು ದಪ್ಪದ ಗಟ್ಟಿ ಮರದ ಹಲಗೆಯನ್ನು ಅಡಿಗೆ ಹಾಕಿ. ಇಳಿಜಾರಿನಲ್ಲಿ ಮಾಡಬೇಡಿ. ನೆಲದಲ್ಲೇ ಇರುವ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರ ಗಾಡಿಯನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ. ಆಮೇಲೆ ಒಳಗೆ ಹೋಗಿ. ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ.

ಈಗ ಸೆಟ್ಟಿನ ವಿಷಯ.

ಜಾಹೀರಾತಿನಲ್ಲಿ 108 ಅಂದರೆ ದೊಡ್ಡದಾಗಿ ಕಾಣುತ್ತದೆ. ಪೆಟ್ಟಿಗೆಯ ಚಿತ್ರವನ್ನು ದೊಡ್ಡದು ಮಾಡಿ ಎಣಿಸಿ ನೋಡಿ. ಇಂಥ ಸೆಟ್ಟುಗಳಲ್ಲಿ ಸ್ಕ್ರೂ ಡ್ರೈವರಿನ ಪುಟ್ಟ ಬಿಟ್ಟುಗಳನ್ನೂ ಒಂದೊಂದು ಪೀಸ್ ಅಂತ ಲೆಕ್ಕ ಹಿಡಿದಿರುತ್ತಾರೆ. 4, 5, 6 ಎಂಎಂನ ಸಣ್ಣ ಬಾಕ್ಸುಗಳು (ಬೋಲ್ಟಿನ ತಲೆಯ ಮೇಲೆ ಟೊಪ್ಪಿಯ ಹಾಗೆ ಕೂರುವ ಸಾಕೆಟ್) ಇರುತ್ತವೆ. ಕೆಲವದರಲ್ಲಿ ಇಂಚಿನ ಅಳತೆಯ ಬಾಕ್ಸುಗಳೂ ಇರುತ್ತವೆ. ನಿಮ್ಮ ಮೂರೂ ಗಾಡಿಗಳಿಗೆ ಆ ಇಂಚಿನವುಗಳಿಂದ ಏನೂ ಉಪಯೋಗವಿಲ್ಲ. ಅರ್ಧ ಇಂಚಿನದು 12.7 ಎಂಎಂ. ಅದನ್ನು 12ರ ಬೋಲ್ಟಿಗೆ 'ಹತ್ತಿರ ಹತ್ತಿರ ಕೂರುತ್ತದೆ' ಅಂತ ಹಾಕಿದರೆ ಮೂಲೆ ಸವೆಯುವುದು ಖಾತ್ರಿ.

ಸ್ಪ್ಲೆಂಡರ್ ಮೂಲದಲ್ಲಿ ಹೋಂಡಾ ವಿನ್ಯಾಸ, ಓಮ್ನಿ ಸುಜುಕಿಯದು. ಎರಡೂ ಜಪಾನಿನವು. ಆದ್ದರಿಂದ ನಟ್ಟು ಬೋಲ್ಟುಗಳ ಅಳತೆ ಹೆಚ್ಚುಕಡಿಮೆ ಒಂದೇ ಸಾಲು: 8, 10, 12, 14, 17, 19. ಇಷ್ಟು ಆರು ಅಳತೆಯಲ್ಲಿ ನಿಮ್ಮ ಮನೆಯ ಬಹುಪಾಲು ಕೆಲಸ ಮುಗಿಯುತ್ತದೆ. ಮುಂದೆ ಮಹೀಂದ್ರ ಅಥವಾ ಟಾಟಾ ಗಾಡಿ ತಂದರೆ 13 ಸೇರಿಸಿಕೊಳ್ಳಿ, ಅವುಗಳಲ್ಲಿ ಅದು ಜಾಸ್ತಿ.

ಅಗ್ಗದ ಸೆಟ್ಟನ್ನು ನಾನು ಪೂರ್ತಿ ಕೆಟ್ಟದ್ದು ಅನ್ನುವುದಿಲ್ಲ. ಬಯಲುಸೀಮೆಯಲ್ಲಿ ಹೊಸ ಬೈಕು ಇಟ್ಟುಕೊಂಡವರಿಗೆ ಅದೂ ಕೆಲವು ವರ್ಷ ಸಾಕಾದೀತು. ಮಲೆನಾಡಿನಲ್ಲಿ ಹಾಗಾಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ನಿಮ್ಮ ಕಡೆಯೂ ತಿಂಗಳುಗಟ್ಟಲೆ ಗಾಡಿಯ ಅಡಿಭಾಗ ಒಣಗುವುದೇ ಇಲ್ಲ, ಅಲ್ವಾ? ಜೊತೆಗೆ ಕೆಸರು ಮೆತ್ತಿಕೊಂಡು ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿ ಥ್ರೆಡ್ಡಿನ ಸಂದಿ ತುಂಬಿಕೊಳ್ಳುತ್ತದೆ. ಅದೇ ಬೋಲ್ಟು ಹೊಸದಾಗಿದ್ದಾಗ ಕೇಳುತ್ತಿದ್ದ ಬಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲ ಕೇಳುತ್ತದೆ. ಅಲ್ಲಿಗೆ ಸ್ಪ್ಯಾನರಿನ ಉಕ್ಕು ಮೆತ್ತಗಿದ್ದರೆ ಅದರ ಬಾಯಿ ಅಗಲವಾಗುತ್ತದೆ, ಬೋಲ್ಟಿನ ತಲೆ ಉರುಟಾಗುತ್ತದೆ. ಇಲ್ಲಿ ಒಳ್ಳೆಯ ಸ್ಪ್ಯಾನರು ಬೇಕಾಗುವುದು ಅದಕ್ಕೇ.

ನೀವು ಯಾವ ಸ್ಪ್ಯಾನರ್ ಹಾಕಿದ್ದಿರಿ ಅಂತ ಬರೆದಿಲ್ಲ. ನನ್ನ ಅಂದಾಜು, ಎರಡೂ ಕಡೆ ಬಾಯಿ ತೆರೆದಿರುವ ಸಾಮಾನ್ಯ ಸ್ಪ್ಯಾನರ್. ಅದು ಬೋಲ್ಟಿನ ಆರು ಮುಖಗಳಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ. ಸಡಿಲ ಆದ ಬೋಲ್ಟನ್ನು ಬೇಗ ಬಿಚ್ಚುವುದಕ್ಕೆ ಅದು ಚೆನ್ನ. ಬಿಗಿ ಬಿಡಿಸುವುದಕ್ಕೆ ರಿಂಗ್ ಸ್ಪ್ಯಾನರ್ ಬೇಕು, ಅದಕ್ಕಿಂತ ಒಳ್ಳೆಯದು ಆರು ಮೂಲೆಯ ಬಾಕ್ಸ್. ಬಾಕ್ಸಿನಲ್ಲಿ 12 ಮೂಲೆಯವೂ ಬರುತ್ತವೆ. ಅವು ಬೋಲ್ಟಿನ ಮೂಲೆಯ ಹತ್ತಿರ ಒತ್ತುತ್ತವೆ. ಆರು ಮೂಲೆಯವು ಮುಖದ ಮೇಲೆ ಒತ್ತುತ್ತವೆ. ತುಕ್ಕು ತಿಂದ ತಲೆಗೆ ಆರು ಮೂಲೆಯದೇ ಸರಿ. ಕೊಳ್ಳುವಾಗ ಬಾಕ್ಸಿನ ಒಳಗೆ ನೋಡಿ, ಅಂಗಡಿಯವರು ಎರಡನ್ನೂ ಒಂದೇ ಅಂತ ಕೊಟ್ಟುಬಿಡುತ್ತಾರೆ.

ಹಾಗಾಗಿ ನಾನು ನಿಮಗೆ ಹೇಳುವ ಪಟ್ಟಿ ಚಿಕ್ಕದು. ಒಂದು ಕಡೆ ರಿಂಗು ಒಂದು ಕಡೆ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರು, ಮೇಲೆ ಹೇಳಿದ ಆರು ಅಳತೆಯವು. ಅದೇ ಅಳತೆಯ ಆರು ಮೂಲೆಯ ಬಾಕ್ಸುಗಳು, ಅರ್ಧ ಇಂಚಿನ ಡ್ರೈವಿನವು (ಹ್ಯಾಂಡಲ್ ಕೂರುವ ಚೌಕ ತೂತಿನ ಅಳತೆ ಅದು), ಒಂದು ರಾಟ್ಚೆಟ್ (ಬಾಕ್ಸ್ ತೆಗೆಯದೆ ಹಿಂದೆ ಮುಂದೆ ಆಡಿಸಿ ತಿರುಗಿಸುವ ಹ್ಯಾಂಡಲ್), ಒಂದು ಉದ್ದನೆ ಹ್ಯಾಂಡಲ್, ಒಂದು ಎಕ್ಸ್‌ಟೆನ್ಷನ್ ರಾಡ್. ಬಿಗಿ ಬಿಡಿಸುವುದು ಉದ್ದನೆ ಹ್ಯಾಂಡಲಿನಲ್ಲಿ. ರಾಟ್ಚೆಟ್ಟಿಗೆ ಪೈಪ್ ಹಾಕಿ ಎಳೆದರೆ ಒಳಗಿನ ಹಲ್ಲು ಹೋಗುತ್ತದೆ. ಒಂದು ಕಟಿಂಗ್ ಪ್ಲೇಯರ್, ಒಂದು ನೋಸ್ ಪ್ಲೇಯರ್, ಸ್ಟಾರ್ ಮತ್ತು ಮೈನಸ್ ಸ್ಕ್ರೂ ಡ್ರೈವರ್ ಎರಡೆರಡು ಅಳತೆಯವು, ಅಲೆನ್ ಕೀ ಒಂದು ಸೆಟ್, ಸುತ್ತಿಗೆ, ತಂತಿ ಬ್ರಷ್. ಪ್ಲಗ್ ಸ್ಪ್ಯಾನರ್ ಬೈಕಿಗೆ 16ರದು, ಹಳೇ ಓಮ್ನಿಗೆ 21ರದು. ತಪಾರಿಯಾದಂಥ ನಮ್ಮ ದೇಶದ ಬ್ರ್ಯಾಂಡುಗಳೇ ಸಾಕು, ವಿದೇಶದ್ದು ಬೇಡ. ಸ್ಪ್ಯಾನರಿನ ಮೇಲೆ ಕ್ರೋಮ್ ವೆನೇಡಿಯಂ (ಗಟ್ಟಿ ಜಾತಿಯ ಉಕ್ಕು) ಅಂತ ಅಚ್ಚು ಹಾಕಿರುತ್ತಾರೆ. ಅಚ್ಚು ಯಾರು ಬೇಕಾದರೂ ಹಾಕಬಹುದು, ಅದಕ್ಕೆ ಬಿಡಿಯಾಗಿ, ಗೊತ್ತಿರುವ ಅಂಗಡಿಯಲ್ಲಿ, ಕೈಯಲ್ಲಿ ಹಿಡಿದು ನೋಡಿ ತನ್ನಿ. ಶಿವಮೊಗ್ಗಕ್ಕೆ ಬಂದಾಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿ. ಗುಜರಿ ಅಂಗಡಿಯಲ್ಲಿ ಹಳೇ ಕಾಲದ ಗಟ್ಟಿ ಸ್ಪ್ಯಾನರುಗಳು ಕೆ.ಜಿ. ಲೆಕ್ಕದಲ್ಲಿ ಸಿಕ್ಕರೆ ಬಿಡಬೇಡಿ. ಮೇಲೆ ತುಕ್ಕು ಇದ್ದರೆ ತೊಂದರೆ ಇಲ್ಲ. ಬಾಯಿ ಅಗಲ ಆಗಿಲ್ಲ, ಬಿರುಕು ಇಲ್ಲ ಅನ್ನುವುದನ್ನು ನೋಡಿಕೊಳ್ಳಿ.

ಸ್ಟಾರ್ ಸ್ಕ್ರೂ ಬಗ್ಗೆ ಒಂದು ಮಾತು. ಜಪಾನಿ ವಿನ್ಯಾಸದ ಬೈಕುಗಳ ಕಾರ್ಬುರೇಟರ್, ಇಂಜಿನ್ ಕವರಿನ ಸ್ಟಾರ್ ಸ್ಕ್ರೂಗಳು ನೋಡಲು ಸಾಮಾನ್ಯ ಸ್ಟಾರ್ ಥರವೇ ಇರುತ್ತವೆ, ಆದರೆ ತಲೆಯ ಗೀರು ಸ್ವಲ್ಪ ಬೇರೆ ಆಕಾರದ್ದು. ಮಾಮೂಲಿ ಡ್ರೈವರ್ ಅದರಲ್ಲಿ ತಳದವರೆಗೆ ಇಳಿಯದೆ ಮೇಲೆ ಜಾರುತ್ತದೆ. ಜೆಐಎಸ್ (ಜಪಾನಿನ ಮಾನದಂಡ) ಅಂತ ಕೇಳಿ ಒಂದು ಡ್ರೈವರ್ ತಂದುಕೊಳ್ಳಿ. ಅದೂ ಬಗ್ಗದಿದ್ದರೆ ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದೆ. ಇಂಜಿನ್ ಕವರಿಗೆ ಅದು ಬಹಳ ಒಳ್ಳೆಯ ಸಾಮಾನು. ಕಾರ್ಬುರೇಟರಿಗೆ ಮಾತ್ರ ಅದನ್ನು ಹಚ್ಚಬೇಡಿ, ಬಾಡಿ ಸೀಳುತ್ತದೆ.

ಸೈಲೆನ್ಸರಿನ ಆ ಬೋಲ್ಟು ಇನ್ನೂ ಹಾಗೇ ಇದ್ದರೆ ಹೀಗೆ ಮಾಡಿ. ಮೊದಲು ತಂತಿ ಬ್ರಷ್ ಹಾಕಿ ಥ್ರೆಡ್ಡಿನ ಹೊರಗೆ ಕಾಣುವ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಣ್ಣಿನ ಮೇಲೆ ಎಣ್ಣೆ ಹೊಡೆದರೆ ಅದು ಮಣ್ಣಿಗೆ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ನಾಲ್ಕು ಸಣ್ಣ ಏಟು ಕೊಡಿ, ಮತ್ತೆ ಎಣ್ಣೆ. ತಿರುಗಿಸುವಾಗ ಒಂದೇ ಕಡೆ ಎಳೆಯಬೇಡಿ. ಒಂಚೂರು ಬಿಚ್ಚುವ ಕಡೆ, ಒಂಚೂರು ಬಿಗಿ ಮಾಡುವ ಕಡೆ, ಹೀಗೆ ಆಡಿಸುತ್ತ ಬನ್ನಿ. ತುಕ್ಕಿನ ಪುಡಿ ಹೊರಗೆ ಬರುತ್ತದೆ. ಬೆಂಕಿ ಕೊಟ್ಟರೆ ಬೇಗ ಬಿಡುತ್ತದೆ ಅಂತ ಯಾರಾದರೂ ಹೇಳಬಹುದು. ಗ್ಯಾರೇಜಿನಲ್ಲಿ ನಾವು ಕೊಡುತ್ತೇವೆ. ಪೆಟ್ರೋಲ್ ಗಾಡಿಯ ಅಡಿಯಲ್ಲಿ, ಮನೆಯ ಅಂಗಳದಲ್ಲಿ ಅದು ಬೇಡವೇ ಬೇಡ. ತಲೆ ಪೂರ್ತಿ ಉರುಟಾಗಿದ್ದರೆ ಹ್ಯಾಕ್ಸಾದಲ್ಲಿ ಕೊಯ್ದು ಹಾಕಿ. ಕ್ಲಾಂಪ್ ಬೋಲ್ಟ್ ಹೋದರೆ ಹೊಸದು ಕೆಲವೇ ರೂಪಾಯಿ.

ಡಬ್ಲ್ಯೂಡಿ-40 ಅನ್ನುವ ಸ್ಪ್ರೇ ಎಲ್ಲದಕ್ಕೂ ಆಗುತ್ತದೆ ಅನ್ನುವ ತಪ್ಪು ತಿಳಿವಳಿಕೆ ಇದೆ. 1953ರಲ್ಲಿ ಅದನ್ನು ಮಾಡಿದ್ದೇ ನೀರನ್ನು ಹೊರದೂಡುವುದಕ್ಕೆ. ಒದ್ದೆಯಾದ ಪ್ಲಗ್ ಕ್ಯಾಪಿಗೆ, ಹಿಡಿದುಕೊಂಡ ಬೋಲ್ಟಿಗೆ ಅದು ಸರಿ. ಗ್ರೀಸಿನ ಬದಲಿಗೆ ಅಲ್ಲ. ಬೈಕಿನ ಚೈನಿಗೆ ಅದನ್ನು ಹೊಡೆದು ಬಿಟ್ಟರೆ ನಾಲ್ಕು ದಿನದಲ್ಲಿ ಚೈನು ಒಣಗಿರುತ್ತದೆ. ಚೈನಿಗೆ 90ರ ಗೇರ್ ಆಯಿಲ್ ಹಾಕಿ, ಮಳೆಗಾಲದಲ್ಲಿ ಮತ್ತೆ ಮತ್ತೆ ಹಾಕಿ.

ಹೊಸ ಬೋಲ್ಟ್ ಹಾಕುವಾಗ ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ. ಮುಂದಿನ ಸಲ ನಿಮಗೇ ಸುಲಭ. ಆದರೆ ಚಕ್ರದ ನಟ್ಟಿಗೆ ಸವರಬೇಡಿ. ಕಂಪನಿ ಹೇಳುವ ಬಿಗಿ ಒಣ ಥ್ರೆಡ್ಡಿನ ಲೆಕ್ಕ. ಜಾರುವ ಥ್ರೆಡ್ಡಿನಲ್ಲಿ ಅದೇ ಬಲ ಹಾಕಿದರೆ ಸ್ಟಡ್ ಅತಿಯಾಗಿ ಎಳೆದುಕೊಳ್ಳುತ್ತದೆ.

ಬಿಗಿ ಮಾಡುವ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಗ್ಯಾರೇಜಿಗೆ ಮನೆ ರಿಪೇರಿ ಮಾಡಿಕೊಂಡು ಬರುವ ಗಾಡಿಗಳಲ್ಲಿ ಸಡಿಲ ಬಿಟ್ಟವು ಕಡಿಮೆ, ಅತಿ ಬಿಗಿ ಮಾಡಿ ಥ್ರೆಡ್ ಹೋಗಿರುವವೇ ಜಾಸ್ತಿ. ಬೈಕಿನ ಇಂಜಿನ್ ಅಲ್ಯುಮಿನಿಯಂ, ಅದಕ್ಕೆ ಹಾಕುವ ಬೋಲ್ಟು ಉಕ್ಕು. ಆಯಿಲ್ ಬಿಡುವ ಬೋಲ್ಟನ್ನು 'ಸೋರಬಾರದು' ಅಂತ ಜಗ್ಗಿ ಬಿಗಿ ಮಾಡಿದರೆ ಸೋಲುವುದು ಇಂಜಿನ್ ಕಡೆಯ ಥ್ರೆಡ್ಡು. ಸೋರದಂತೆ ತಡೆಯುವುದು ವಾಷರ್. ಪ್ರತಿ ಸಲ ಹೊಸ ವಾಷರ್ ಹಾಕಿ. ಸ್ಪಾರ್ಕ್ ಪ್ಲಗ್ ಮೊದಲು ಬರೀ ಕೈಯಲ್ಲಿ ಪೂರ್ತಿ ತಿರುಗಿಸಿ. ಕೈಗೆ ತಡೆದರೆ ಅಡ್ಡ ಥ್ರೆಡ್ ಕೂತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಕೂರಿಸಿ. ವಾಷರ್ ಇರುವ ಹೊಸ ಪ್ಲಗ್ ಆದರೆ ಕೈ ಬಿಗಿಯ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಹಳೇ ಪ್ಲಗ್ಗನ್ನೇ ಮತ್ತೆ ಹಾಕುವಾಗ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ದಾಟುವಷ್ಟು ಸಾಕು.

ಎರಡನೇ ವರ್ಷ ಕೈಗೆ ದುಡ್ಡು ಬಂದಾಗ, ಎಷ್ಟು ಬಿಗಿ ಆಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಒಂದು ತನ್ನಿ. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕ ನೋಡಿ ಅದರಲ್ಲಿ ಹೇಳಿದ್ದನ್ನೇ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿ ಇಡಬೇಕು. ಅದರಲ್ಲಿ ಬೋಲ್ಟ್ ಬಿಚ್ಚಬಾರದು.

ಮಲ್ಟಿಮೀಟರ್ ಮಾತ್ರ ಮೊದಲ ದಿನವೇ ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮಳೆಗಾಲದಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಸತ್ತಿದೆಯೋ ಚಾರ್ಜ್ ಆಗುತ್ತಿಲ್ಲವೋ ಅನ್ನುವುದನ್ನು ಅದು ಹೇಳುತ್ತದೆ. ಗಾಡಿ ಕೆಲ ಗಂಟೆ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ರ ಹತ್ತಿರ ಬಂದರೆ ಖಾಲಿಯಾಗುತ್ತ ಬಂದಿದೆ. ಓಮ್ನಿಯ ಇಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.5 ಇರಬೇಕು. ಓಡುವಾಗಲೂ 12 ಚಿಲ್ಲರೆಯೇ ಇದ್ದರೆ ಹೊಸ ಬ್ಯಾಟರಿ ತಂದೂ ಪ್ರಯೋಜನವಿಲ್ಲ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿಸಬೇಕು. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪ್ಲಸ್ ಬಿಚ್ಚುತ್ತಿರುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ, ಮೈನಸ್ ಇನ್ನೂ ಕೂತಿದ್ದರೆ, ಬೆಂಕಿ ಹಾರುತ್ತದೆ.

ಕಳೆ ಮಷಿನ್ನಿಗೆ ಬೇರೆ ಸಾಮಾನು ಕೊಳ್ಳಬೇಡಿ, ಅದರ ಜೊತೆ ಬಂದ ಟಿ ಸ್ಪ್ಯಾನರ್ ಹುಡುಕಿ ಇಟ್ಟುಕೊಳ್ಳಿ. ಒಂದು ಮಾತು ನೆನಪಿರಲಿ: ಬ್ಲೇಡಿನ ನಟ್ಟು ಸಾಮಾನ್ಯವಾಗಿ ಉಲ್ಟಾ ಥ್ರೆಡ್. ಗಡಿಯಾರ ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಪೈಪ್ ಹಾಕಿ ಎಳೆದು ಮುರಿದುಕೊಂಡವರು ಪ್ರತಿ ವರ್ಷ ಬರುತ್ತಾರೆ. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿಡಿ.

ಇನ್ನು ಅಪ್ಪಯ್ಯನ ಮಾತು. ಅವರು ಹೇಳುವುದರಲ್ಲಿ ಸತ್ಯ ಇದೆ. ಗಾಳಿಯ ತೇವ ಶೇ 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಏರುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಯಾವಾಗಲೂ ದಾಟಿಯೇ ಇರುತ್ತದೆ. ಆದರೆ ಎರಡು ಮಳೆಗಾಲಕ್ಕೆ ಹಾಳಾಗುವುದು ಸಾಮಾನನ್ನು ಇಡುವ ಜಾಗದಿಂದ. ನಮ್ಮ ಮನೆಗಳಲ್ಲಿ ಸ್ಪ್ಯಾನರ್ ಚೀಲ ಎಲ್ಲಿರುತ್ತದೆ ಹೇಳಿ? ಕೊಟ್ಟಿಗೆಯ ಮೂಲೆಯಲ್ಲಿ, ಇಲ್ಲವೇ ಗೊಬ್ಬರ ಮತ್ತು ಔಷಧಿ ಇಡುವ ಕೋಣೆಯಲ್ಲಿ. ಎರಡೂ ಕೆಟ್ಟ ಜಾಗ. ಕೊಟ್ಟಿಗೆಯಲ್ಲಿ ಗಂಜಳದ ಆವಿ, ತೇವ. ಔಷಧಿ ಕೋಣೆಯಲ್ಲಿ ಕೊಳೆರೋಗಕ್ಕೆ ತಂದ ಮೈಲುತುತ್ತ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಅದರ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣ ಕರಗುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸುವುದಿಲ್ಲ, ಅದು ಇದಕ್ಕೇ. ಪೊಟ್ಯಾಷ್ ಗೊಬ್ಬರವೂ ಉಪ್ಪಿನ ಜಾತಿ. ಅದರ ಧೂಳು ಬಿದ್ದ ಸ್ಪ್ಯಾನರ್ ಉಳಿಯುವುದಿಲ್ಲ. ಔಷಧಿ ಹೊಡೆದ ದಿನ ಕೈ ತೊಳೆಯದೆ ಸಾಮಾನು ಮುಟ್ಟಬೇಡಿ.

ಮನೆಯ ಒಳಗೆ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಹಾಗೆ ಒಂದು ಸಣ್ಣ ಬೀರು ಅಥವಾ ಮುಚ್ಚಳದ ಪೆಟ್ಟಿಗೆ ಸಾಕು. ಬೀರು ಆದರೆ ಒಳಗೆ 15 ವ್ಯಾಟಿನ ಹಳೇ ಥರದ ತಂತಿ ಬಲ್ಬ್ ಹಾಕಿ, ಬಟ್ಟೆ ಕಾಗದ ತಾಗದಂತೆ. ಒಳಗಿನ ಗಾಳಿ ಸ್ವಲ್ಪ ಬೆಚ್ಚಗಾದರೂ ತೇವ ಕೂರುವುದಿಲ್ಲ. ಎಲ್‌ಇಡಿ ಬಲ್ಬಿಗೆ ಅಷ್ಟು ಕಾವು ಇರುವುದಿಲ್ಲ. ಕರೆಂಟಿಲ್ಲದ ದಿನಗಳಿಗೆ ಸಿಲಿಕಾ ಜೆಲ್ ಚೀಲ ಇಡಿ. ಬಣ್ಣ ಬದಲಾದಾಗ ಹರಳುಗಳನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಕೆಲಸ ಮುಗಿದ ಮೇಲೆ ಪ್ರತಿ ಸ್ಪ್ಯಾನರನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಇಂಜಿನ್ ಆಯಿಲ್ ತಾಗಿಸಿದ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಗಾಡಿಯಿಂದ ತೆಗೆದ ಹಳೇ ಆಯಿಲ್ಲೂ ಬೇಡ. ಅದರಲ್ಲಿ ಆಮ್ಲ ಇರುತ್ತದೆ, ಚರ್ಮಕ್ಕೂ ಕೆಟ್ಟದ್ದು. ಆ ಹಳೇ ಆಯಿಲ್ಲನ್ನು ದಯವಿಟ್ಟು ತೋಟದ ಅಂಚಿಗೆ ಸುರಿಯಬೇಡಿ. ನಮ್ಮ ಬಾವಿ, ಹಳ್ಳ ಎಲ್ಲ ಕೆಳಗೇ ಇವೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಬಂದಾಗ ಕೊಡಿ, ನಾವು ಒಟ್ಟು ಮಾಡಿ ಕಳಿಸುತ್ತೇವೆ.

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ: ಆಯಿಲ್ ಬದಲಿಸುವುದು, ಪ್ಲಗ್, ಏರ್ ಫಿಲ್ಟರ್, ಬೈಕಿನ ಚೈನ್ ಮತ್ತು ಕ್ಲಚ್ ಕೇಬಲ್, ಬಲ್ಬು, ಫ್ಯೂಸು, ಬ್ಯಾಟರಿ, ಚಕ್ರ. ಬೈಕಿನ ಡ್ರಮ್ ಬ್ರೇಕಿನ ಲೈನರ್ ಕೂಡ ಒಮ್ಮೆ ಗೊತ್ತಿದ್ದವರ ಪಕ್ಕ ಕೂತು ನೋಡಿದ ಮೇಲೆ ಮಾಡಬಹುದು. ಅದರೊಳಗಿನ ಧೂಳನ್ನು ಮಾತ್ರ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಓಮ್ನಿಯ ಬ್ರೇಕ್ ಪೈಪು, ಸಿಲಿಂಡರು, ಸ್ಟೇರಿಂಗ್, ಮುಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗ್ ಮುಟ್ಟಬೇಡಿ. ಆ ಸ್ಪ್ರಿಂಗು ಒತ್ತಿಟ್ಟ ಸ್ಥಿತಿಯಲ್ಲಿರುತ್ತದೆ, ತಪ್ಪಾಗಿ ಬಿಚ್ಚಿದರೆ ಹಾರುತ್ತದೆ. ಬ್ರೇಕ್ ಲೈನಿನಲ್ಲಿ ಚೂರು ಗಾಳಿ ಉಳಿದರೆ ಹುಲಿಕಲ್ ಘಾಟಿ ಇಳಿಯುವಾಗ ಪೆಡಲ್ ನೆಲಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ನೀರು ಸೇರಿದ ಆಯಿಲ್ ಘಾಟಿಯ ಕಾವಿಗೆ ಬೇಗ ಕುದಿಯುತ್ತದೆ. ಹೋದ ವರ್ಷ ಮುಚ್ಚಳ ತೆಗೆದಿಟ್ಟ ಬಾಟಲಿ ಮನೆಯಲ್ಲಿದ್ದರೆ ಅದನ್ನು ಹಾಕಬೇಡಿ. ಎರಡು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಪೂರ್ತಿ ಬದಲಾಯಿಸಿಕೊಳ್ಳಿ.

ನಿಮ್ಮ ಹತ್ತು ಸಾವಿರವನ್ನು ಹೀಗೆ ಹಂಚಿ: ಮೊದಲು ಸ್ಟ್ಯಾಂಡು, ಆಮೇಲೆ ಸ್ಪ್ಯಾನರು ಮತ್ತು ಬಾಕ್ಸು, ಆಮೇಲೆ ಪ್ಲಗ್ ಸ್ಪ್ಯಾನರು, ಮಲ್ಟಿಮೀಟರು, ಪ್ಲೇಯರು. ಉಳಿದರೆ ಟ್ರಾಲಿ ಜ್ಯಾಕು. ಪುಲ್ಲರು, ಕಂಪ್ರೆಸರು, ವೆಲ್ಡಿಂಗ್ ಮಷಿನ್ನಿನ ಆಸೆಗೆ ಈಗ ಬೀಳಬೇಡಿ. ಆ ಕೆಲಸ ಬಂದಾಗ ನೋಡೋಣ. 108 ಪೀಸಿನ ಸೆಟ್ಟನ್ನು ಆಗಲೇ ಆರ್ಡರ್ ಮಾಡಿದ್ದರೆ, ವಾಪಸ್ ಕೊಡುವ ಅವಕಾಶ ಇದ್ದರೆ ಕೊಟ್ಟುಬಿಡಿ. ಇಲ್ಲದಿದ್ದರೆ ಅದರ ಸಣ್ಣ ಬಾಕ್ಸುಗಳನ್ನು ಡ್ಯಾಶ್‌ಬೋರ್ಡ್, ಸೀಟು, ಲೈಟಿನ ಒಣ ಸ್ಕ್ರೂಗಳಿಗೆ ಇಟ್ಟುಕೊಳ್ಳಿ. ಗಾಡಿಯ ಅಡಿಯ ಬೋಲ್ಟಿಗೆ ಅದನ್ನು ಹಾಕಬೇಡಿ.